ತೆಪ್ಪದ ಮೇಲೆ ಆದಂ-ಈವ್

ಅಮೆರಿಕದ ಈರಿ ಊರಿನ ಕಾರ್ಖಾನೆ ಗೇಟಿನ ಎದುರಿಗಿದ್ದ ಮಿಸೆಸ್ ಹಾಲಿಸ್ಟರ್ ಹೋಟೆಲಿನಲ್ಲಿ ಚೀಟಿ ಬರೆಯುವ ಪದ್ಧತಿಯೇ ಇರಲಿಲ್ಲ. ಗಿರಾಕಿ ಸ್ಟೂಲಿನ ಮೇಲೆ ಕೂತು ಬೇಕಾದ್ದು ಹೇಳಬೇಕು, ಕೌಂಟರಿನ ವಾಂಡಾ ಸಿಕೋರಾ ಅದನ್ನು ಅಡುಗೆಮನೆಯ ಕಿಂಡಿಯತ್ತ ಕೂಗಬೇಕು, ಒಳಗಿನಿಂದ ಅಡುಗೆಯ ಆರ್ವಿಲ್ ಅದನ್ನೇ ತಿರುಗಿ ಕೂಗಬೇಕು. ತಿರುಗಿ ಕೂಗಿದ ಅಂದರೆ ಕೇಳಿಸಿಕೊಂಡ ಅಂತ ಲೆಕ್ಕ. ಯಾರೋ ಬುದ್ಧಿವಂತರು ಒಮ್ಮೆ ಚೀಟಿ ಬರೆದುಕೊಟ್ಟಾಗ ಆರ್ವಿಲ್ ಅದನ್ನು ಒಲೆಗೆ ತುರುಕಿ, "ಕಾಗದ ಓದೋದು ಪೋಸ್ಟ್‌ಮ್ಯಾನ್ ಕೆಲಸ, ನಂದಲ್ಲ" ಅಂದಿದ್ದ.

ಕೂಗುವುದೂ ನೆಟ್ಟಗಿನ ಮಾತಿನಲ್ಲಲ್ಲ. ಒಳಗೆ ಹೊಗೆ ಎಳೆಯುವ ಫ್ಯಾನು ಗುಡುಗುತ್ತಿರುತ್ತೆ, ಕೊಬ್ಬು ಚಟಪಟ ಸಿಡಿಯುತ್ತಿರುತ್ತೆ. ಅದರ ನಡುವೆ "ಮೊಟ್ಟೆ, ಮೊಟ್ಟೆ" ಅಂತ ಬಡಕೊಂಡರೆ ಯಾವ ಮೊಟ್ಟೆ ಅಂತ ತಿಳಿಯಬೇಕು? ಅದಕ್ಕೇ ಕೌಂಟರಿನವರಿಗೆ ಅವರದೇ ಭಾಷೆ. ಟೋಸ್ಟಿನ ಮೇಲೆ ನೀರಲ್ಲಿ ಬೇಯಿಸಿದ ಎರಡು ಮೊಟ್ಟೆ ಅಂದರೆ 'ತೆಪ್ಪದ ಮೇಲೆ ಆದಂ-ಈವ್'. ಅವನ್ನೇ ಕಲಕಿ ಹುರಿಯಬೇಕಾದರೆ 'ತೆಪ್ಪ ಒಡೆದುಹಾಕು'. ಆಲೂಗಡ್ಡೆ ಮುದ್ದೆಯಲ್ಲಿ ಹುದುಗಿದ ಸಾಸೇಜು 'ಮಂಜಿನಲ್ಲಿ ವಿಮಾನ'. ದನದ ಮಾಂಸದ ಸಾರು 'ಬೋಗುಣಿಯಲ್ಲಿ ಹಸು'. ಕಟ್ಟಿಸಿಕೊಂಡು ಹೋಗುವವನಿದ್ದರೆ ಕೊನೆಗೆ 'ಕಾಲು ಬಂತು' ಅಂತ ಸೇರಿಸಬೇಕು. ಕಾಫಿ ಬರೀ 'ಕೆಸರು'.

ವಾಂಡಾ ಕೂಗಿದರೆ ಬೀದಿಯಾಚೆ ಬಸ್ಸಿಗೆ ಕಾಯುವವರಿಗೂ ಹಸಿವಾಗುತ್ತಿತ್ತು. ಪ್ರತಿ ಕೂಗಿನ ಕೊನೆಯನ್ನು ಅವಳು ಎಳೆದು ಮೇಲಕ್ಕೆ ಎಸೆಯುತ್ತಿದ್ದಳು, ಅವಳ ಅಜ್ಜಿ ಪೋಲೆಂಡಿನಲ್ಲಿ ಬಾತುಕೋಳಿ ಕರೆಯುತ್ತಿದ್ದ ಹಾಗೆ. ತಾಯಾಣೆ, ಆ ರಾಗ ಕೇಳಲಿಕ್ಕೇ ಎರಡನೇ ಕಪ್ಪು ಕೆಸರು ಕುಡಿಯುವವರಿದ್ದರು.

ಅಂಥವಳ ಗಂಟಲಿನಲ್ಲಿ ಗಂಟು ಬೆಳೆಯಿತು. ಆಪರೇಷನ್ ಆಯಿತು, ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಬಾಯಿ ತೆರೆದರೆ ತೂತು ಬಿದ್ದ ಟಯರಿನ ಹಾಗೆ ಬರೀ ಗಾಳಿ. "ಬಂದರೆ ಬರಬಹುದು, ಬರದೇ ಇದ್ದರೂ ಜೀವಕ್ಕೇನೂ ತೊಂದರೆ ಇಲ್ಲ" ಅಂದರು ಡಾಕ್ಟರು. ತನ್ನ ಜೀವ ಇರೋದೇ ಅಲ್ಲಿ ಅಂತ ಆ ಮಹಾರಾಯನಿಗೆ ಹೇಳೋಣ ಅಂದರೂ ದನಿ ಬೇಕಲ್ಲ!

ಮಿಸೆಸ್ ಹಾಲಿಸ್ಟರ್ ಕೆಟ್ಟವಳೇನಲ್ಲ, ಆದರೆ ಹೋಟೆಲು ನಡೆಸುವವಳು. ವಾಂಡಾಳನ್ನು ಕೂರಿಸಿಕೊಂಡು, ಕಣ್ಣು ತಪ್ಪಿಸಿ, ಮೇಜಿನ ಮೇಲಿನ ಉಪ್ಪಿನ ಡಬ್ಬಿಯ ಜೊತೆ ಮಾತಾಡಿದಳು.

"ನಿನ್ನ ಬಿಟ್ಟುಬಿಡಲ್ಲ ಕಣೇ. ಹಿಂದೆ ತಟ್ಟೆ ತೊಳೆಯೋ ಕಡೆ ಇರು. ಕೌಂಟರಿಗೆ ಡಾರ್ಲೀನ್ ಅಂತ ಒಂದು ಹುಡುಗಿ ಬರ್ತಾಳೆ. ಈ ಶನಿವಾರ ಒಂದಿನ ಅವಳಿಗೆ ಜೊತೆ ಕೊಡು, ಸೋಮವಾರದಿಂದ ಹಿಂದಕ್ಕೆ ಹೋಗು. ಬೇಜಾರಾಯ್ತಾ?"

ಬೇಜಾರಂತೆ! ಆವಿ ತುಂಬಿದ ಆ ಕತ್ತಲೆ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಊರಿನವರು ತಿಂದುಬಿಟ್ಟದ್ದನ್ನು ಕೆರೆಯುತ್ತ ನಿಲ್ಲುವುದೇ? ವಾಂಡಾಳಿಗೆ ಬೇಕಿದ್ದದ್ದು ಆ ಕೌಂಟರು, ಆ ಮುಖಗಳು. ಆದರೂ ತಲೆ ಆಡಿಸಿದಳು. ಬೇರೇನು ಮಾಡಿಯಾಳು?

ಶನಿವಾರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿದದ್ದೇ ಕಾರ್ಖಾನೆಯ ಜನ ನುಗ್ಗಿದರು. ಡಾರ್ಲೀನ್ ಪಾಪ ಒಳ್ಳೇ ಹುಡುಗಿ, ಗಂಟಲೂ ದೊಡ್ಡದೇ. ಆದರೆ ಕೌಂಟರಿನ ಭಾಷೆ ಆಡಲು ನಾಚಿಕೆ.

"ಎರಡು ಮೊಟ್ಟೆ, ನೀರಲ್ಲಿ ಬೇಯಿಸಿದ್ದು, ಟೋಸ್ಟ್ ಮೇಲೆ! ಇನ್ನೆರಡು ಮೊಟ್ಟೆ, ಕಲಕಿದ್ದು! ಅಲ್ಲಲ್ಲ, ಮೊದಲಿನದು ಕಲಕಿದ್ದು!"

"ಏನಂದೆ?" ಒಳಗಿನಿಂದ ಆರ್ವಿಲ್ ಗುಡುಗಿದ.

"ಮೊಟ್ಟೆ!"

"ಮೊಟ್ಟೆ ಅಂತ ಕೋಳಿಗೂ ಗೊತ್ತು ಕಣಮ್ಮಾ! ಯಾವ ಮೊಟ್ಟೆ?"

ಕಾಲು ಗಂಟೆಯಲ್ಲಿ ಕೌಂಟರು ರಣರಂಗವಾಯಿತು. ಪ್ಯಾನ್‌ಕೇಕ್ ಕೇಳಿದವನ ಮುಂದೆ ಈರುಳ್ಳಿ, ಈರುಳ್ಳಿ ಬೇಡವೆಂದವನ ಮುಂದೆ ಇನ್ನಷ್ಟು ಈರುಳ್ಳಿ. ಲಾರಿ ಓಡಿಸುವ ಎಲ್ಮರ್ ಚಮಚದಿಂದ ಸಾಸರು ಬಡಿಯುತ್ತ, "ಹೊಟ್ಟೆ ತಾಳ ಹಾಕ್ತಿದೆ ಮಾರಾಯ್ರೇ, ನಾನೇನು ಸತ್ತಮೇಲೆ ತಿನ್ನಬೇಕಾ?" ಅಂದ. ಡಾರ್ಲೀನಳ ಕಣ್ಣಲ್ಲಿ ನೀರು. ಗಲ್ಲಾದ ಹಿಂದೆ ಮಿಸೆಸ್ ಹಾಲಿಸ್ಟರ್ ಬೆಪ್ಪಾಗಿ ನಿಂತಿದ್ದಳು.

ವಾಂಡಾ ಕಾಫಿ ಸುರಿಯುತ್ತಿದ್ದವಳು ನೋಡಿದಳು, ತಡೆದಳು, ಇನ್ನು ತಡೆಯಲಾಗಲಿಲ್ಲ. ಕೆಟಲು ಕುಕ್ಕಿ, ಹಾಲಿನ ಖಾಲಿ ಪೆಟ್ಟಿಗೆಯನ್ನು ಕಿಂಡಿಯ ಮುಂದೆ ಬೋರಲು ಹಾಕಿ ಹತ್ತಿ ನಿಂತು, ತಟ್ಟೆಯಿಂದ ಗೋಡೆಗೆ ಢಣ್ ಎಂದು ಬಾರಿಸಿದಳು. ಆರ್ವಿಲ್ ತಲೆ ಎತ್ತಿದ.

ಅವಳಿಗೆ ತಾನು ಏನು ಮಾಡುತ್ತೇನೆ ಅಂತ ಆ ಗಳಿಗೆಯವರೆಗೂ ಗೊತ್ತಿರಲಿಲ್ಲ. ಎಡಗೈ ಅಂಗೈ ಮೇಲಾಗಿ ಚಪ್ಪಟೆ ಚಾಚಿತು. ಬಲಗೈಯ ಎರಡು ಬೆರಳು ಅದರ ಮೇಲೆ ಅಕ್ಕಪಕ್ಕ ನಿಂತವು. ಅಂಗೈ ನೀರಿನ ಮೇಲಿನ ಹಲಗೆಯಂತೆ ಮೆಲ್ಲಗೆ ತೂಗಾಡಿತು.

ಆರ್ವಿಲ್ ಕಣ್ಣು ಪಿಳಿಪಿಳಿ ಬಿಟ್ಟ. ಕನ್ನಡಕದ ಆವಿ ಒರೆಸಿಕೊಂಡು ಮತ್ತೆ ನೋಡಿದ. ಇಷ್ಟೂ ಜನರ ಮುಂದೆ ಹುಚ್ಚಿಯ ಹಾಗೆ ನಿಂತಿದ್ದೇನೆ, ದೇವರೇ, ಇವನಿಗೆ ತಿಳಿಯದಿದ್ದರೆ ನೇರ ತಟ್ಟೆಗಳ ಹತ್ತಿರ ಹೋಗುತ್ತೇನೆ ಅಂದುಕೊಂಡಳು ವಾಂಡಾ.

"ತೆಪ್ಪದ ಮೇಲೆ ಆದಂ-ಈ...ವ್!"

ಆ ಒರಟು ಗಂಟಲಿನಿಂದ ಬಂದದ್ದು ಅವಳದೇ ಕೂಗು. ಕೊನೆ ಎಳೆದು ಮೇಲಕ್ಕೆ ಎಸೆಯುವ ಅವಳದೇ ರಾಗ. ಇಷ್ಟು ವರ್ಷ ಕೇಳಿ ಕೇಳಿ ಆ ಮುದುಕನಿಗೆ ಅದು ಅಂಟಿಕೊಂಡಿತ್ತು. ವಾಂಡಾಳಿಗೆ ಅಳು ಉಕ್ಕಿ ಬಂತು, ಆದರೆ ಅಳಲು ಪುರುಸೊತ್ತೆಲ್ಲಿ?

ಮುಂದಿನದು. ಅಂಗೈಯನ್ನು ಮಗುಚಿ ಮುಷ್ಟಿಯಿಂದ ಗುದ್ದಿದಳು. "ತೆಪ್ಪ ಒಡೆದುಹಾಕು!" ಎರಡು ಕೈ ರೆಕ್ಕೆಯಂತೆ ಚಾಚಿ ಕಣ್ಣು ಮುಚ್ಚಿ ತಡವರಿಸಿದಳು. "ಮಂಜಿನಲ್ಲಿ ವಿಮಾನ!" ಎರಡು ಬೆರಳು ಗಾಳಿಯಲ್ಲಿ ದಾಪುಗಾಲು ಹಾಕಿದವು. "ಕಾಲು ಬಂತು!" ಡಾರ್ಲೀನ್ ಮೂಗೊರೆಸಿಕೊಂಡು ಕೌಂಟರಿನ ತುದಿಯಿಂದ ತುದಿಗೆ ಓಡಿದಳು. ಗಿರಾಕಿಯ ಮಾತು ಅವಳ ಬಾಯಿಂದ ವಾಂಡಾಳ ಕಿವಿಗೆ, ಅಲ್ಲಿಂದ ಕೈಗೆ, ಕೈಯಿಂದ ಆರ್ವಿಲ್‌ನ ಗಂಟಲಿಗೆ. ತಟ್ಟೆಗಳು ಬಂದವು, ಬಿಸಿಬಿಸಿ, ಸರಿಯಾದವರ ಮುಂದೆ.

ಒಂದು ತಪ್ಪಿತು. ಯಾರೋ ಹಾಲು ಕೇಳಿದ್ದಕ್ಕೆ ಅವಳು ಹಣೆಗೆ ಕೊಂಬು ಹಿಡಿದು ತೋರಿಸಿದರೆ ಆರ್ವಿಲ್ ಹಸುವನ್ನೇ ಬೋಗುಣಿಗೆ ಹಾಕಿ ಕಳಿಸಿದ. "ಇತ್ತ ತಳ್ಳಿ, ನಾನು ಮುಗಿಸ್ತೀನಿ!" ಅಂದ ಎಲ್ಮರ್, ತನ್ನ ಮೊಟ್ಟೆಯ ಜೊತೆಗೆ ಅದನ್ನೂ ಮುಗಿಸಿದ.

ಆಮೇಲೆ ಮೂಲೆಯ ಸ್ಟೂಲಿನಿಂದ ಒಬ್ಬ, ಬೇಕೆಂದೇ ಸತಾಯಿಸಲು, ಸುಟ್ಟ ಇಂಗ್ಲಿಷ್ ಮಫಿನ್ ಅನ್ನೋ ಬನ್ನು ಕೇಳಿದ. ಅದಕ್ಕೆ ಕೌಂಟರಿನ ಮಾತು 'ಬ್ರಿಟಿಷರವನನ್ನು ಸುಡು'. ಇದನ್ನು ಕೈಯಲ್ಲಿ ಹೇಗೆ ತೋರಿಸುತ್ತಾಳೆ ಅಂತ ಇಡೀ ಹೋಟೆಲು ಅಗಿಯುವುದನ್ನು ಬಿಟ್ಟು ನೋಡಿತು. ವಾಂಡಾ ಒಂದು ಕ್ಷಣ ಯೋಚಿಸಿದಳು. ಬೆನ್ನು ಸೆಟೆಸಿದಳು, ಮೂಗು ಆಕಾಶಕ್ಕೆ ಎತ್ತಿದಳು, ಇಲ್ಲದ ಟೀ ಕಪ್ಪನ್ನು ಕಿರುಬೆರಳು ಚಾಚಿ ತುಟಿಗೆ ಇಟ್ಟಳು. ಮರುಗಳಿಗೆ ಕುಂಡೆಗೆ ಬೆಂಕಿ ತಗುಲಿದವಳ ಹಾಗೆ ಎರಡೂ ಕೈಯಿಂದ ಹಿಂದೆ ಬಡಿದುಕೊಂಡು ಪೆಟ್ಟಿಗೆಯ ಮೇಲೆ ಕುಣಿದಳು.

ಆರ್ವಿಲ್ ನಕ್ಕು ನಕ್ಕು ಸೌಟು ಬೀಳಿಸಿದ. "ಬ್ರಿಟಿಷ...ರವನನ್ನ... ಅಯ್ಯೋ ನನ್ನವ್ವಾ... ಸುಡು!" ಸ್ಟೂಲುಗಳಲ್ಲಿದ್ದವರೆಲ್ಲ ಕೌಂಟರು ಗುದ್ದಿ, ಶಿಳ್ಳೆ ಹಾಕಿ, ಮಾಡು ಹಾರಿಸಿಬಿಟ್ಟರು. ಕೇಳಿದವನು ಟೋಪಿ ತೆಗೆದು, "ಸೋತೆ ತಾಯೀ" ಅಂತ ಬಗ್ಗಿದ. ಅರೆ, ಎಂಥ ಹೆಂಗಸಪ್ಪ!

ಜನ ಕರಗಿದ ಮೇಲೆ ಡಾರ್ಲೀನ್ ಗಲ್ಲಾದ ಹತ್ತಿರ ಹೋದಳು.

"ಮೇಡಂ, ನಾನು ತಟ್ಟೆ ಎತ್ತಿಕೊಂಡು ಓಡಾಡ್ತೀನಿ, ಖುಷಿಯಿಂದ ಮಾಡ್ತೀನಿ. ಆ ಪೆಟ್ಟಿಗೆ ಮೇಲೆ ಮಾತ್ರ ನನ್ನ ನಿಲ್ಲಿಸಬೇಡಿ. ಅದು ಅವರ ಜಾಗ."

ಮಿಸೆಸ್ ಹಾಲಿಸ್ಟರ್ ಗಲ್ಲಾ ಮುಚ್ಚಿ, ಏಪ್ರನ್ ಬಿಚ್ಚಿಟ್ಟು, ಕೌಂಟರು ಸುತ್ತಿ ಬಂದು ನಡುವಿನ ಸ್ಟೂಲಿನ ಮೇಲೆ ಕೂತಳು. ಹೋಟೆಲು ತೆರೆದಂದಿನಿಂದ ಅವಳು ಗಿರಾಕಿಗಳ ಕಡೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ವಾಂಡಾ ಎದುರು ಬಂದು ನಿಂತಳು.

ಮಿಸೆಸ್ ಹಾಲಿಸ್ಟರ್ ಆಮೇಲೆ ಅಂಗೈ ಚಾಚಿ, ಅದರ ಮೇಲೆ ಎರಡು ಬೆರಳು ನಿಲ್ಲಿಸಿದಳು. ಬೆರಳು ನೆಟ್ಟಗೆ ನಿಲ್ಲದೆ ಅಡ್ಡ ಬಿದ್ದವು.

ಕಿಂಡಿಯಿಂದ ಕತ್ತು ಚಾಚಿ ನೋಡುತ್ತಿದ್ದ ಆರ್ವಿಲ್ ತಡಮಾಡಲಿಲ್ಲ. "ಯಜಮಾನ್ತಿಗೆ ಒಂದು! ತೆಪ್ಪ ಒಡೆದುಹಾ...ಕು!"

"ಒಡೆಯೋದು ಬೇಡ ಕಣೋ! ನಾನು ಹೇಳಿದ್ದು ಅದಲ್ಲ!"

"ನಿಮ್ಮ ಕೈ ಹೇಳಿದ್ದು ಅದೇ, ಮೇಡಂ!"

ವಾಂಡಾ ನಕ್ಕಳು. ಸದ್ದಿಲ್ಲದ ನಗು, ಭುಜ ಕುಲುಕುವ ನಗು, ಕಣ್ಣೀರು ಕೆನ್ನೆಗಿಳಿಯುವ ನಗು. ತನ್ನ ಮುಂದೆ ಬಂದು ಬಿದ್ದ ಕಲಕಿದ ಮೊಟ್ಟೆಯನ್ನು ಮಿಸೆಸ್ ಹಾಲಿಸ್ಟರ್ ಒಂದು ಚೂರೂ ಬಿಡದೆ ತಿಂದು, ಬಾಯಿ ಒರೆಸಿಕೊಂಡು, ಈ ಸಲ ವಾಂಡಾಳ ಕಣ್ಣನ್ನೇ ನೋಡಿದಳು.

"ಸೋಮವಾರ ಬೇಗ ಬಾ. ತಟ್ಟೆ ತೊಳೆಯೋಕೆ ಬೇರೆ ಯಾರನ್ನಾದ್ರೂ ನೋಡ್ತೀನಿ," ಅಂದಳು. "ನನಗೂ ಸರಿಯಾಗಿ ಕಲಿಸು. ತೆಪ್ಪದ ಮೇಲೆ ಅವರಿಬ್ಬರನ್ನ ಹೇಗೆ ನಿಲ್ಲಿಸೋದೇ?"

ವಾಂಡಾ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಬೆರಳುಗಳನ್ನು ನೆಟ್ಟಗೆ ನಿಲ್ಲಿಸಿದಳು.