ಮೊದಲು ಎದ್ದು ನಿಲ್ಲುವವನು

"ಆ ಆಶ್ರಮದ ಸುದ್ದಿ ಮಾತ್ರ ಎತ್ಬೇಡ ನೇಟಾ," ಎನ್ನುತ್ತ ಏಬ್ರಮ್ ತಂಗಿಯ ಕೈಯಿಂದ ಕಾಫಿಯ ಜಗ್ ಇಸಿದುಕೊಂಡ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

"ನಾನೇನು ಎತ್ತೀನಿ ಅಂದ್ನಾ ಅಣ್ಣ?"

"ಬಾಯಿ ಅನ್ನಲಿಲ್ಲ. ಮುಖ ಅಂತಿದೆ."

ಅವರಿಬ್ಬರ ತಮ್ಮ ಕಾರ್ನಿಯನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಮ್ಯಾನಿಟೋಬ ಪ್ರಾಂತ್ಯದ ಜುಲೈ ಸೆಕೆಗೆ ಚರ್ಚಿನ ನೆಲಮಾಳಿಗೆ ಬೇಯುತ್ತಿತ್ತು. ಒಣದ್ರಾಕ್ಷಿಯ ಬನ್ನು ಮುರಿದು ಸಕ್ಕರೆ ಗಟ್ಟಿಯನ್ನು ಕಾಫಿಗೆ ಅದ್ದುತ್ತ, ಊರಿಗೆ ಊರೇ ಪ್ರಾರ್ಥನೆಯ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿತ್ತು. ಉಣ್ಣೆಯ ಸ್ವೆಟರ್ ತೊಟ್ಟು ಕೂತವಳು ಒಬ್ಬಳೇ, ಜಸ್ಟೀನಾ ವೀಬೆಯ ಮಗಳು ಟ್ರೂಡಿ. ವಯಸ್ಸು ನಲವತ್ಮೂರು. ಕಾರ್ನಿಯ ಹಾಗೆ ಅವಳಿಗೂ ಹುಟ್ಟಿನಿಂದ ಡೌನ್ ಸಿಂಡ್ರೋಮ್. ಹೋದ ವರ್ಷದವರೆಗೆ ಚರ್ಚಿನ ಹಾಡಿನ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವಳು ಈಗ ತಟ್ಟೆಯ ಮುಂದೆ ತೂಕಡಿಸುತ್ತಿದ್ದಳು.

ಸ್ಮಶಾನದ ಗೇಟಿನಲ್ಲೇ ಜಸ್ಟೀನಾ ನೇಟಾಳಿಗೆ ಹೇಳಿದ್ದಳು. "ಸೋಮವಾರ ಇವಳನ್ನ ಆಶ್ರಮಕ್ಕೆ ಬಿಟ್ಟು ಬರ್ತೀನಿ. ಮರೆವಿನ ಕಾಯಿಲೆ ಅಂದ್ರು ಡಾಕ್ಟ್ರು. ಇಂಥೋರಿಗೆ ಬೇಗ ಶುರುವಾಗುತ್ತಂತೆ."

"ಅದಕ್ಕೆ ಮುಂಚೆ ಒಂದ್ಸಲ ಥೈರಾಯ್ಡ್ ನೋಡಿಸು ಜಸ್ಟೀನಾ. ರಕ್ತ ಕೊಟ್ರೆ ಗೊತ್ತಾಗುತ್ತೆ."

"ನಲವತ್ಮೂರು ವರ್ಷ ಸಾಕಿದೋಳು ನಾನು. ನಿನ್ನ ಕಾರ್ನಿ ಕೊನೇವರೆಗೂ ಕುದುರೆ ಹಾಗಿದ್ದ. ಈ ಸಂಕಟ ನಿನಗೇನು ಗೊತ್ತು ಬಿಡು."

ನೇಟಾಳಿಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ, ಅಷ್ಟೇ.

*

ಹನ್ನೆರಡು ವರ್ಷದ ಹಿಂದಿನ ಮಾತು. ಊರಿನಲ್ಲಿ ಯಾರು ಸತ್ತರೂ ಈ ನೆಲಮಾಳಿಗೆಯಲ್ಲಿ ಕುರ್ಚಿ ಹಾಕುತ್ತಿದ್ದವನು ಕಾರ್ನಿ. ಹುರಿ ಕಟ್ಟಿ ಸಾಲು ನೋಡುತ್ತಿದ್ದ. ಬೋಧಕರೇ ಬಂದು ಒಂದು ಕುರ್ಚಿ ಜರುಗಿಸಿದರೂ "ಅದನ್ನ ಇದ್ದಲ್ಲೇ ಇಡಿ" ಎಂದು ಗದರುತ್ತಿದ್ದ. ಅಂಥವನು ಆ ಬೇಸಿಗೆಯಲ್ಲಿ ಅರ್ಧ ಕುರ್ಚಿ ಹಾಕಿ ಅಲ್ಲೇ ಮಲಗಿಬಿಟ್ಟ. ದನಿ ಒಡೆಯಿತು, ಮುಖ ಊದಿತು, ನೆರೆಯವರ ಹೆಸರು ನಾಲಿಗೆಗೆ ಬರದಾಯಿತು. ಇಂಥವರಿಗೆ ಈ ವಯಸ್ಸಿಗೆ ಮರೆವು ಸಹಜ ಎಂದರು ಡಾಕ್ಟರು.

"ಅಕ್ಕಾ, ನಂಗೆ ಮರೆವಲ್ಲ. ನಂಗೆ ಚಳಿ," ಎಂದ ಕಾರ್ನಿ.

"ಜುಲೈ ತಿಂಗಳಲ್ಲಿ ಎಂಥಾ ಚಳಿಯೋ? ಸುಮ್ನಿರು."

ಆಶ್ರಮದ ಬಾಗಿಲಲ್ಲಿ ಕಾರಿನಿಂದ ಇಳಿಯುವಾಗಲೂ ಅವನು ಅದನ್ನೇ ಹೇಳಿದ. ಅವಳು ಸಹಿ ಹಾಕಿ ಬಂದಳು. ಪಕ್ಕದ ಪ್ರಾಂತ್ಯ ಸಸ್ಕ್ಯಾಚೆವಾನಿನಲ್ಲಿರುವ ಚಿಕ್ಕಪ್ಪನ ಹೊಲಕ್ಕೆ ಹೋಗಿದ್ದಾನೆ ಎಂದು ಏಬ್ರಮ್ ಊರಿಗೆಲ್ಲ ಸಾರಿದ.

ಎಂಟು ತಿಂಗಳ ಮೇಲೆ ಅಲ್ಲಿಗೆ ಹೊಸ ನರ್ಸ್ ಒಬ್ಬಳು ಬಂದಳು. ಕಾರ್ನಿ ಅವಳಿಗೂ ಚಳಿ ಎಂದ. ಅವಳು ಕೇಳಿಸಿಕೊಂಡಳು, ರಕ್ತ ಪರೀಕ್ಷೆ ಮಾಡಿಸಿದಳು. "ಇಂಥೋರಿಗೆ ಥೈರಾಯ್ಡ್ ಕೈಕೊಡೋದು ಜಾಸ್ತಿ. ಈ ಚಳಿ, ಈ ಮರೆವು ಎಲ್ಲ ಅದ್ರದ್ದೇ. ವರ್ಷಕ್ಕೊಂದ್ಸಲ ನೋಡ್ಬೇಕಿತ್ತಲ್ಲ, ಯಾರೂ ನೋಡ್ಲಿಲ್ವಾ?" ಎಂದು ನೇಟಾಳಿಗೆ ಫೋನ್ ಮಾಡಿ ಕೇಳಿದಳು. ದಿನಕ್ಕೊಂದು ಸಣ್ಣ ಮಾತ್ರೆ, ಬೆಳಿಗ್ಗೆ ಬರಿಹೊಟ್ಟೆಗೆ. ಮಾತ್ರೆ ಶುರುವಾದ ನಾಲ್ಕನೆಯ ತಿಂಗಳು ನೇಟಾ ನೋಡಲು ಹೋದಾಗ ಕಾರ್ನಿ ಕಿಟಕಿಯ ಬಳಿ ನೆಟ್ಟಗೆ ನಿಂತಿದ್ದ.

"ಅಕ್ಕಾ, ಕುರ್ಚಿ ಯಾರು ಹಾಕ್ತಿದಾರೆ? ಸೊಟ್ಟ ಹಾಕಿರ್ತಾರೆ, ನಡಿ," ಎಂದ.

ಅವನು ಒಂದು ದಿನವೂ ಅವಳನ್ನು ದೂರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

*

ಊಟದ ತಟ್ಟೆ ತೆಗೆದಾಯಿತು. ಇಷ್ಟವಿದ್ದವರು ಎದ್ದು ಸತ್ತವರ ಬಗ್ಗೆ ಮಾತಾಡುವ ಹೊತ್ತು. "ಯಾರಾದ್ರೂ ಎರಡು ಮಾತು," ಎಂದು ಬೋಧಕರು ಕೂತರು.

ಯಾರೂ ಏಳಲಿಲ್ಲ. ಈ ಜನ ಹಿಮದಲ್ಲಿ ಹೂತ ಟ್ರ್ಯಾಕ್ಟರನ್ನಾದರೂ ಎತ್ತುತ್ತಾರೆ, ನಾಲ್ಕು ಜನರ ಮುಂದೆ ಮೊದಲ ಮಾತು ಎತ್ತಲಾರರು. ಇಷ್ಟು ವರ್ಷ ಆ ಕೆಲಸ ಕಾರ್ನಿಯದು. ಒಂದೇ ಮಾತು ಹೇಳುತ್ತಿದ್ದ, ನಿಜವನ್ನೇ ಹೇಳುತ್ತಿದ್ದ. ಜಸ್ಟೀನಾಳ ಗಂಡ ತೀರಿಕೊಂಡ ದಿನ ಎದ್ದು ನಿಂತು, "ಯಾಕೋಬ್ ಕ್ರೋಕಿನೋಲ್ ಆಟದಲ್ಲಿ ಮೋಸ ಮಾಡ್ತಿದ್ದ. ನಂಗೆ ಅವನು ಇಷ್ಟ," ಎಂದಿದ್ದ. ಜಸ್ಟೀನಾ ಕಿಸಕ್ಕನೆ ನಕ್ಕಳು, ಆಮೇಲೆ ಮನಸಾರೆ ಅತ್ತಳು. ಅದರ ಹಿಂದೆಯೇ ಹತ್ತಾರು ಜನ ಎದ್ದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಆದರೆ ಕಾರ್ನಿಯನ್ನು ಯಾರೂ ಒದ್ದಿರಲಿಲ್ಲ. ಸಾಯುವವರು ಅವನಿಗಿಂತ ಮುಂಚೆ ಸತ್ತರೆ ಒಳ್ಳೆಯದು ಎಂದು ಊರು ತಮಾಷೆ ಮಾಡುತ್ತಿತ್ತು.

ಯಾರೋ ಕೆಮ್ಮಿದರು. ಟ್ರೂಡಿಯ ತಲೆ ತಾಯಿಯ ಭುಜಕ್ಕೆ ಬಿತ್ತು.

ನೇಟಾ ಎದ್ದಳು. ಏಬ್ರಮ್ ಅವಳ ತೋಳು ಜಗ್ಗಿದ. ಅವಳು ಬಿಡಿಸಿಕೊಂಡಳು.

"ಕಾರ್ನಿ ಸಸ್ಕ್ಯಾಚೆವಾನಿಗೆ ಹೋಗಿರ್ಲಿಲ್ಲ," ಎಂದಳು. "ಮರೆವು ಅಂತ ನಾನೇ ಆಶ್ರಮಕ್ಕೆ ಹಾಕಿದ್ದೆ, ಒಂದು ವರ್ಷ. ಮರೆವಲ್ಲ ಅಕ್ಕಾ, ಚಳಿ ಅಂತ ಅವನು ಬಡ್ಕೊಂಡ. ನಾನು ಕೇಳ್ಲಿಲ್ಲ. ಅದು ಥೈರಾಯ್ಡು. ಒಂದು ಮಾತ್ರೆಯಲ್ಲಿ ಎದ್ದು ಬಂದ. ಆಮೇಲೆ ಹನ್ನೊಂದು ವರ್ಷ ನಿಮ್ಮೆಲ್ಲರಿಗೂ ಕುರ್ಚಿ ಹಾಕಿದ." ಟ್ರೂಡಿಯ ಸ್ವೆಟರಿನ ಕಡೆ ಒಮ್ಮೆ ನೋಡಿದಳು. "ನನ್ನ ತಮ್ಮನಿಗೆ ನನಗಿಂತ ಜಾಸ್ತಿ ಗೊತ್ತಿತ್ತು," ಎಂದು ಕೂತಳು.

ಏಬ್ರಮ್ ತನ್ನ ಬೂಟಿನ ತುದಿ ನೋಡುತ್ತಿದ್ದ. ಗಾಳಿ ಬೀಸುವ ಕೈಗಳೆಲ್ಲ ನಿಂತಿದ್ದವು. ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ಜಸ್ಟೀನಾ ನೇಟಾಳನ್ನು ದಿಟ್ಟಿಸಿದಳು. ಆಮೇಲೆ ಮಗಳ ಕಡೆ ತಿರುಗಿದಳು. ನಿದ್ದೆಯಲ್ಲಿದ್ದ ಟ್ರೂಡಿಯ ಕೈಯನ್ನು ಸ್ವೆಟರಿನ ತೋಳಿನೊಳಗಿಂದ ಮೆಲ್ಲಗೆ ಹೊರಗೆಳೆದು, ಬೆವರಿದ ತನ್ನ ಕತ್ತಿಗೆ ಒತ್ತಿ ಹಿಡಿದಳು. ಆ ಕೈಯ ತಣುಪಿಗೆ ಬೆಚ್ಚಿದಳು. ಆದರೂ ಬಿಡಲಿಲ್ಲ.