ಸೂಗಮ್ಮನ ಸ್ವಭಾವಕ್ಕೊಂದು ಸರ್ಟಿಫಿಕೇಟ್

ದೇವರು ಮನುಷ್ಯನಿಗೆ ಸ್ವಭಾವ ಕೊಡುವಾಗ ಅವಸರ ಮಾಡುವುದಿಲ್ಲ. ಹಸಿ ಮಣ್ಣನ್ನು ತಿರುವಿ, ತಟ್ಟಿ, ಬಿಸಿಲಿಗಿಟ್ಟು, ಬಿರುಕು ಬಿಟ್ಟರೆ ಮತ್ತೆ ಕಲಸಿ, ಒಂದಿಪ್ಪತ್ತು ವರ್ಷವಾದರೂ ತೆಗೆದುಕೊಳ್ಳುತ್ತಾನೆ. ರಾಯಚೂರಿಗೆ ಹೊಸದಾಗಿ ಬಂದಿದ್ದ ಮನೋರೋಗದ ಡಾಕ್ಟರಿಗೆ ಮಾತ್ರ ಹತ್ತು ನಿಮಿಷ ಸಾಕಾಗುತ್ತಿತ್ತು.

ಹುಲಗೆಮ್ಮ ಅವರ ಬಾಗಿಲಿಗೆ ಬಂದದ್ದು ಎಂಬತ್ನಾಲ್ಕರ ಫೆಬ್ರವರಿಯಲ್ಲಿ. ಮಸರಕಲ್ಲಿನ ಕೂಲಿ ಹೆಂಗಸು. ಗಂಡನಿಲ್ಲ. ಇದ್ದವಳು ಮಗಳೊಬ್ಬಳೇ, ಹದಿನಾರರ ಸೂಗಮ್ಮ. ಮಾನ್ವಿಯ ಒಂದು ಹಾಸ್ಟೆಲ್ಲಿನಲ್ಲಿದ್ದುಕೊಂಡು ಹತ್ತನೇ ತರಗತಿ ಓದುತ್ತಿದ್ದಳು. ಅವರ ಓಣಿಯಲ್ಲಿ ಅಲ್ಲಿಯವರೆಗೆ ಓದಿದ ಹೆಣ್ಣು ಇವಳೇ ಮೊದಲು.

ಆ ಸೂಗಮ್ಮನನ್ನು ವಾರ್ಡನ್ ಬಾಯಿ ಮನೆಗೆ ಅಟ್ಟಿದ್ದರು. ಅವರ ದೂರು ಮೂರು. ಊಟದ ತಟ್ಟೆ ಎತ್ತಿ ಒಗೆದಳು. ಜೀವದ ಗೆಳತಿ ಕಮರುನ್ನೀಸಾಳ ಜೊತೆ ಸೋಮವಾರ ಮಾತು ಬಿಟ್ಟು ಗುರುವಾರ ಅವಳ ಕೊರಳಿಗೆ ಬಿದ್ದಳು. ಸಾಲದ್ದಕ್ಕೆ, ಸಂಕ್ರಾಂತಿಗೆ ಊರಿಗೆ ಹೋಗಿ ಬಂದವಳೇ ಕತ್ತರಿ ಹಿಡಿದು ತನ್ನ ಕೂದಲನ್ನು ಬುಡದವರೆಗೆ ಕತ್ತರಿಸಿಕೊಂಡಳು.

“ಹುಡುಗಿ ತಲಿ ಸರಿ ಅದ ಅಂತ ದೊಡ್ಡ ಡಾಕ್ಟರ್ ಕಡಿಂದ ಕಾಗದ ತರ್ರಿ. ಇಲ್ಲಂದ್ರ ಹಾಸ್ಟೆಲ್ಲೂ ಇಲ್ಲ, ಪರೀಕ್ಷಾನೂ ಇಲ್ಲ,” ಎಂದಿದ್ದರು ಬಾಯಿ. ಪರೀಕ್ಷೆಗೆ ಐದು ವಾರ ಉಳಿದಿತ್ತು.

ಊರಲ್ಲಿ ರೋಗ ಗುರುತಿಸುವವರಿಗೇನೂ ಬರವಿರಲಿಲ್ಲ. “ಓದಿನ ಕಾವು ತಲಿಗೇರ್ಯಾದ,” ಎಂದ ಚಹಾದಂಗಡಿಯ ಗದ್ದೆಪ್ಪ. ಅವನ ಅಂಗಡಿಗೆ ಬಂದವರೆಲ್ಲ ಹೌದೆಂದರು, ಚಹಾ ಇನ್ನೂ ಬರಬೇಕಾಗಿತ್ತು. “ದೇವೀದಕ್ಕ ಕತ್ತರಿ ಹಚ್ಚಿದ್ರ ಮತ್ತೇನಾಗ್ತದ?” ಎಂದಳು ನಾದಿನಿ ಶೇಖಮ್ಮ. ಹುಲಗೆಮ್ಮ ಆ ಮಾತು ಕೇಳಿಸದವಳಂತೆ ಬಸ್ಸು ಹತ್ತಿದಳು.

ಡಾಕ್ಟರ ಮೇಜಿನ ಮೇಲೆ ಪ್ರಶ್ನೆಗಳ ಹಾಳೆಯಿತ್ತು. ಪಕ್ಕದಲ್ಲಿ ಹಳೆಯ ನರ್ಸು ಮುನವ್ವರ್ ಬೀ ನಿಂತಿದ್ದಳು.

“ಹುಡುಗಿಗೆ ಬೇಗ ಸಿಟ್ಟು ಬರುತ್ತಾ?”

ಹುಲಗೆಮ್ಮನಿಗೆ ಕಚೇರಿಗಳ ರೀತಿ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಮಳೆಗೆ ಓಣಿಯಲ್ಲಿ ಮನೆಗಳು ಬಿದ್ದಾಗ, ಬಿದ್ದದ್ದು ಒಂದೇ ಗೋಡೆ ಎಂದು ನಿಜ ನುಡಿದವರ ಅರ್ಜಿ ಯಾವುದೋ ಮೇಜಿನ ಮೇಲೆ ಹಳದಿಯಾಯಿತು. ಮೂರು ಬಿದ್ದವೆಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡ ಇವಳ ಅರ್ಜಿಗೆ ಅಂದೇ ಸಹಿ ಬಿತ್ತು. ಕಷ್ಟ ಕಡಿಮೆ ಮಾಡಿ ಹೇಳಿದರೆ ಕಾಗದ ಸಿಗುವುದಿಲ್ಲವೆಂಬುದು ಅವಳ ಅನುಭವ.

“ಸಿಟ್ಟೇನ್ರೀ ಯಪ್ಪಾ, ಬೆಂಕಿ! ಈಕಿ ಹೊಸ್ತಿಲಾ ದಾಟಿದ್ರ ನಮ್ಮ ಎಮ್ಮಿ ಹಾಲು ಬಿಡಾಕ ಅಂಜತಾದ.”

ಡಾಕ್ಟರು ಬರೆದುಕೊಂಡರು. “ಗೆಳತಿಯರು ಪದೇ ಪದೇ ಬದಲಾಗ್ತಾರಾ?”

“ಕುಬಸ ಬದಲಿ ಮಾಡಿದಂಗ್ರೀ.”

“ಯವ್ವಾ, ಸಾಕ ಬೇ!” ಸೂಗಮ್ಮ ಚೀರಿದಳು.

“ನೋಡ್ರಿ, ನೀವ ನೋಡ್ರಿ, ಹ್ಯಾಂಗ ಮೈಮ್ಯಾಲ ಬರಾಕತ್ಯಾಳ!”

ಡಾಕ್ಟರು ಹುಡುಗಿಯತ್ತ ತಿರುಗಿದರು. “ಜನ ನಿನ್ನನ್ನ ತಪ್ಪು ತಿಳ್ಕೋತಾರೆ ಅನಿಸುತ್ತಾ?”

“ಈಗ ಅನಸಾಕತ್ತಾದ್ರೀ.”

ಅದನ್ನೂ ಬರೆದುಕೊಂಡರು. ಪೆನ್ನಿನ ಟೊಪ್ಪಿಗೆ ಮುಚ್ಚಿ ತೀರ್ಪು ಕೊಟ್ಟರು. “ಪರ್ಸನಾಲಿಟಿ ಡಿಸಾರ್ಡರ್. ಇದು ಬಂದು ಹೋಗೋ ಜ್ವರ ಅಲ್ಲಮ್ಮ, ವ್ಯಕ್ತಿತ್ವದಲ್ಲೇ ಇರೋ ದೋಷ. ಹಾಸ್ಟೆಲ್ಲಿಗೆ ಹಾಗೇ ಬರೆದುಕೊಡ್ತೀನಿ.”

ಹುಲಗೆಮ್ಮ ಮೇಜಿನ ಹತ್ತಿರಕ್ಕೆ ಸರಿದಳು. “ಸರಿ ಅದಾಳ ಅಂತ... ಬರಿಯಂಗಿಲ್ಲೇನ್ರಿ?”

“ನೀವೇ ಇಷ್ಟೊತ್ತು ಹೇಳಿದ್ರಲ್ಲ!”

ಮುನವ್ವರ್ ಬೀ ಕೆಮ್ಮಿದಳು. “ಸಾಬ್, ಹುಡುಗಿಗಿ ಹದಿನಾರು. ನನ್ನ ಮನ್ಯಾಗ ಇದೇ ವಯಸ್ಸಿನವು ಮೂರು ಅದಾವ. ಈ ಹಾಳಿ ಹಿಡದು ಕೇಳಿದ್ರ ಮೂರೂ ಫಸ್ಟ್ ಕ್ಲಾಸಿನ್ಯಾಗ ಪಾಸ್ ಆಗ್ತಾವ. ಹದಿನೆಂಟು ತುಂಬೋತನ ಈ ಹೆಸರು ಹಚ್ಚಾಕ ಅವಸರ ಮಾಡಬಾರ್ದು ಅಂತ ನಿಮ್ಮ ದಪ್ಪ ಪುಸ್ತಕದಾಗ ಅದ ಅಂತ ಮೊನ್ನಿ ನೀವ ಹೇಳಿದ್ರಿ.”

“ಈಕೆ ವಿಷಯ ಬೇರೆ. ಕಾರಣ ಇಲ್ಲದೆ ತಟ್ಟೆ ಒಗೀತಾಳೆ, ಕಾರಣ ಇಲ್ಲದೆ ಕೂದಲು ಕತ್ತರಿಸ್ಕೋತಾಳೆ.”

“ಕಾರಣ ಕೇಳೀರೇನ್ರಿ?”

ಹಾಳೆಯಲ್ಲಿ ಕಾರಣಕ್ಕೆ ಜಾಗವಿರಲಿಲ್ಲ. ಆದರೂ ಡಾಕ್ಟರು ಕೇಳಿದರು. “ತಟ್ಟೆ ಯಾಕೆ ಒಗೆದೆ?”

“ಸಾರಿನ್ಯಾಗ ಹುಳ ಇತ್ರಿ. ಮೂರ್ ಸಲ ಹೇಳಿದ್ನಿ. ಕಮರುನ್ನೀಸಾ, ಸುಮ್ನ ತಿನ್ನು ಅಂದ್ಲು. ಅದಕ್ಕ ಆಕಿ ಕೂಡ ಮಾತು ಬಿಟ್ಟೆ. ಗುರುವಾರ ಆಕಿ ತಾಟಿನ್ಯಾಗೂ ಬಂತು.”

“ಕೂದಲು?”

ಸೂಗಮ್ಮ ತಾಯಿಯ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಸುಮ್ಮನಾದಳು. ಆ ಮೌನ ತನ್ನ ಮರ್ಯಾದೆ ಉಳಿಸಲೆಂದೇ ಎಂಬುದು ಹುಲಗೆಮ್ಮನಿಗೆ ತಿಳಿಯಿತು.

ಸಂಕ್ರಾಂತಿಯ ದಿನ ಹುಡುಗಿಯ ಕತ್ತಿನ ಹಿಂದೆ ಕೂದಲು ಗಂಟುಗಟ್ಟಿತ್ತು. ಎಣ್ಣೆ ಕಾಣದ ತಲೆ, ಹಾಸ್ಟೆಲ್ಲಿನ ಉಪ್ಪುನೀರು. ಬೇರೆ ಏನೂ ಅಲ್ಲ. ಶೇಖಮ್ಮ ಮುಟ್ಟಿ ನೋಡಿ, ಎಲ್ಲಮ್ಮನ ಜಡೆ ಬಂದಿದೆ, ಇದನ್ನು ಬಿಡಿಸುವಂತಿಲ್ಲ, ಹುಡುಗಿಗೆ ಮುತ್ತು ಕಟ್ಟಿಸಿ ದೇವಿಗೆ ಬಿಡಬೇಕು ಎಂದಿದ್ದಳು. ಬಿಟ್ಟ ಮೇಲೆ ಮದುವೆಯಿಲ್ಲ, ಶಾಲೆಯಿಲ್ಲ, ಊರ ಗಂಡಸರ ಕಣ್ಣು ಮಾತ್ರ ಇರುತ್ತದೆ. ನೀರಮಾನ್ವಿಯ ಎಲ್ಲಮ್ಮ ತಾಯಿ ಹುಡುಗಿಯರ ಕೂದಲು ಕೇಳಿದ್ದನ್ನು ಕಂಡವರಿಲ್ಲ. ಅವಳ ಪರವಾಗಿ ಕೇಳುವುದಕ್ಕೆ ನೆಂಟರಿಷ್ಟರು ಬೇಕಾದಷ್ಟು ಜನ. ದೇವಿಯ ಸಿಟ್ಟಿಗಿಂತ ನಾದಿನಿಯ ನಾಲಿಗೆಗೆ ಹೆಚ್ಚು ಹೆದರಿದ ಹುಲಗೆಮ್ಮ ಆ ಗಂಟಿಗೆ ಅರಿಶಿಣ ಕುಂಕುಮ ಹಚ್ಚಿ ಕೈ ಮುಗಿದಿದ್ದಳು.

“ಡಾಕ್ಟರ್ ಸಾಹೇಬ್ರ, ಬರಕೋರಿ,” ಎಂದಳು. ಈ ಸಲ ಸೆರಗು ಕಣ್ಣಿಗೆ ಹೋಗಲಿಲ್ಲ. “ಜಡಿ ಅಂತ ಅರಿಶಿಣ ಹಚ್ಚಿದಾಕಿ ನಾನರಿ. ಇದ ಕೈಯಿಂದ. ಇನ್ನೊಂದು ತಿಂಗಳಿಗೆ ಮುತ್ತು ಕಟ್ಟಸ್ತಿದ್ದೆ. ಹೆತ್ತ ತಾಯಿ ಕೈಯಾಗಿಂದ ಉಳಕೊಳ್ಳಾಕ ಕೂಸು ಕತ್ತರಿ ಹಿಡದಾದ. ಉಳದದ್ದೆಲ್ಲಾ ಸುಳ್ಳರಿ. ನಮ್ಮ ಮನ್ಯಾಗ ಎಮ್ಮಿನ ಇಲ್ಲ.”

ಡಾಕ್ಟರು ಪೆನ್ನಿನ ಟೊಪ್ಪಿಗೆ ಮತ್ತೆ ತೆಗೆದರು. “ಹಾಗಾದ್ರೆ ಸುಳ್ಳು ಹೇಳೋದು ನಿಮ್ಮ ಸ್ವಭಾವ ಅನ್ನಿ,” ಎನ್ನುತ್ತ ಇನ್ನೊಂದು ಹಾಳೆಗೆ ಕೈ ಚಾಚಿದರು. ಮುನವ್ವರ್ ಬೀ ಹಾಳೆಗಳ ಕಟ್ಟನ್ನೇ ಎತ್ತಿ ಬಗಲಲ್ಲಿಟ್ಟುಕೊಂಡಳು.

“ಹೊರಗ ಹನ್ನೊಂದು ಮಂದಿ ಅದಾರ್ರಿ, ಸಾಬ್. ಎಲ್ಲರಿಗೂ ಸ್ವಭಾವ ಅದ.”

ಡಾಕ್ಟರು ಮೊದಲಿನ ಹಾಳೆಗೆ ಅಡ್ಡಗೆರೆ ಎಳೆದರು. ಬರೆದದ್ದನ್ನು ಹೊಡೆದುಹಾಕುವುದು ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ನೋವೆಂಬುದು ಮುಖದಲ್ಲೇ ಕಾಣುತ್ತಿತ್ತು. ಹುಡುಗಿಗೆ ಕಾಯಿಲೆಯಿಲ್ಲ, ಪರೀಕ್ಷೆಗೆ ಕೂರಿಸತಕ್ಕದ್ದು ಎಂದು ಎರಡು ಸಾಲು ಬರೆದರು. ಮುನವ್ವರ್ ಬೀ ಕದಲದೆ ನಿಂತದ್ದರಿಂದ, ಹಾಸ್ಟೆಲ್ಲಿನ ಸಾರನ್ನು ಸೋಸತಕ್ಕದ್ದು ಎಂದು ಮೂರನೆಯ ಸಾಲನ್ನೂ ಸೇರಿಸಿದರು.

ಮಾನ್ವಿಯಲ್ಲಿ ವಾರ್ಡನ್ ಬಾಯಿ ಕಾಗದ ಓದಿದರು. ಮೂರನೆಯ ಸಾಲಿಗೆ ಅವರ ಮುಖ ಹುಳಿಯಾಯಿತು. ಆದರೂ ಗೇಟು ತೆಗೆಸಿದರು.

ಸೂಗಮ್ಮ ಟ್ರಂಕು ಎತ್ತಿಕೊಂಡು ಒಳಗೆ ಹೋದವಳು ಹೊರಳಿ ಬಂದಳು.

“ಯವ್ವಾ, ಪರೀಕ್ಷೆ ಮುಗದ ಮ್ಯಾಲ ಮನಿಗಿ ಬರ್ಲೇನು?”

ಮಗಳು ಸ್ವಂತ ಮನೆಗೆ ಬರಲು ಅಪ್ಪಣೆ ಕೇಳುತ್ತಿದ್ದಳು. ಹುಲಗೆಮ್ಮ ಗೇಟಿನ ಸರಳು ಹಿಡಿದುಕೊಂಡಳು.

“ಬಾ ಯವ್ವಾ. ನಿಮ್ಮತ್ತಿ ಬಂದ್ರ ಬಾಗಲಾಗ ನಾ ನಿಂದರ್ತೀನಿ. ನಿನ್ನ ಕೂದಲಾ ಇನ್ನ ನಾ ಮುಟ್ಟಂಗಿಲ್ಲ.”

ಹುಡುಗಿ ತನ್ನ ಮೋಟು ತಲೆಯನ್ನು ಸರಳಿನ ಸಂದಿಗೆ ತಂದಳು.

“ಮುಟ್ಟ ಬೇ. ಇಲ್ಲಿ ಎಣ್ಣಿ ಹಚ್ಚಾಕ ನನಗ್ಯಾರು ಅದಾರ?”