ಜೋಡಿಯಲ್ಲಿ ಉಳಿದ ಡಿಸ್ಕು

ನಾನು ಒಂದು ಹಾರ್ಡ್ ಡಿಸ್ಕು. ಸಣ್ಣ ಪುಸ್ತಕದಷ್ಟು ದಪ್ಪ, ಹೆಚ್ಚೆಂದರೆ ಅರ್ಧ ಸೇರಿನಷ್ಟು ತೂಕ. ಹೊರಗಿನಿಂದ ನನ್ನಲ್ಲಿ ನೋಡುವಂಥದ್ದೇನೂ ಇಲ್ಲ. ಒಳಗೆ ಮಾತ್ರ ಕನ್ನಡಿಯಂಥ ಮೂರು ತಟ್ಟೆಗಳು ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸಲ ಸುತ್ತುತ್ತವೆ. ಅವುಗಳ ಮೇಲೆ ಸಣ್ಣ ಮುಳ್ಳೊಂದು ಮುಟ್ಟೀಮುಟ್ಟದ ಹಾಗೆ ತೇಲುತ್ತ ಬರೆಯುತ್ತದೆ, ಓದುತ್ತದೆ. ಮುಟ್ಟಿತೋ, ಮುಗಿಯಿತು ನನ್ನ ಕತೆ. ಹುಟ್ಟಿದಂದಿನಿಂದ ಈ ಒಂದು ಭಯದಲ್ಲೇ ಬದುಕಿದವನು ನಾನು. ಮಾತಿನಲ್ಲಿ ಸ್ವಲ್ಪ ಸಿಡುಕು ಕಂಡರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಧೂಳಿನ ಕಣವೂ ಸುಳಿಯದ ಕೋಣೆಯಲ್ಲಿ. ಮೈತುಂಬ ಬಿಳಿ ಬಟ್ಟೆ ಸುತ್ತಿಕೊಂಡು ಕಣ್ಣಷ್ಟೇ ಕಾಣುತ್ತಿದ್ದ ಹೆಂಗಸೊಬ್ಬಳು ನನಗೆ ಮುಚ್ಚಳ ಹಾಕಿ ತಿರುಪು ಬಿಗಿದಳು. ನನ್ನ ಬೆನ್ನಿಗೆ ಹಚ್ಚಿದ ನಂಬರಿನ ಕೊನೆ ನಲವತ್ತೊಂದು. ನನ್ನ ಹಿಂದೆಯೇ ಬಂದವನು ನಲವತ್ತೆರಡು. ಒಂದೇ ಗಳಿಗೆ, ಒಂದೇ ಕೈ, ಒಂದೇ ಲೋಹ. ಅದರಲ್ಲಿ ಏನಾದರೂ ಕುಂದಿದ್ದರೆ ಅದೂ ಒಂದೇ. ಅವನನ್ನು ನಾನು ತಮ್ಮ ಎಂದೇ ಕರೆಯುತ್ತೇನೆ. ಹಡಗು ಹತ್ತಿ, ಲಾರಿ ಹತ್ತಿ, ಇಬ್ಬರೂ ಒಂದೇ ಡಬ್ಬಿಯಲ್ಲಿ ಹುಬ್ಬಳ್ಳಿಗೆ ಬಂದು ದಾದಾಪೀರನ ಕಂಪ್ಯೂಟರ್ ಅಂಗಡಿಯ ಹಲಗೆ ಸೇರಿದೆವು.

ನಮ್ಮನ್ನು ಕೊಳ್ಳಲು ಬಂದವರು ಮೂವರು. ಮುಂದೆ ಸುವರ್ಣಾ, ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಪಾಠ ಹೇಳುವವಳು. ಅವಳ ಹಿಂದೆ ತಾಯಿ ಪಾರವ್ವ. ಎಲ್ಲರಿಗಿಂತ ಹಿಂದೆ, ಕೊರಳಿಗೆ ಬಿಳಿ ವಸ್ತ್ರ ಸುತ್ತಿಕೊಂಡು, ಕೈಯಲ್ಲಿ ಮಕ್ಕಳ ಪಾಟಿ ಹಿಡಿದುಕೊಂಡಿದ್ದವರು ತಂದೆ ವೀರಭದ್ರಪ್ಪ. ಇಪ್ಪತ್ತಾರು ವರ್ಷ ಅವರು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗಿದವರು. ಗಂಟಲಿನ ಕಾಯಿಲೆಗೆ ಡಾಕ್ಟರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಈಗ ಏನು ಹೇಳಬೇಕಾದರೂ ಪಾಟಿಯ ಮೇಲೆ ಬಳಪದಿಂದ ಬರೆಯಬೇಕು.

ಆದರೆ ಅವರ ಧ್ವನಿ ಪೂರ್ತಿ ಹೋಗಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಅವರಿಗೆ ಸಂಜೆಯ ಪಾಳಿ. ಮನೆಗೆ ಬರುವಷ್ಟರಲ್ಲಿ ಮಗು ಮಲಗಿಬಿಡುತ್ತಿತ್ತು. ಅದಕ್ಕೆ ಅವರು ಮಧ್ಯಾಹ್ನವೇ ಟೇಪ್ ರೆಕಾರ್ಡರ್ ಮುಂದೆ ಕೂತು ಆ ದಿನದ ಕತೆಯನ್ನು ಹೇಳಿ ಇಟ್ಟು ಹೋಗುತ್ತಿದ್ದರು. ಹೀಗೆ ಕೂಡಿದ್ದು ಅರವತ್ತೆರಡು ಕ್ಯಾಸೆಟ್ಟು. ಬೂಸು ಹಿಡಿಯುವ ಮೊದಲು ಸುವರ್ಣಾ ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು. ಈಗ ಅವನ್ನು ಭದ್ರವಾಗಿ ಇಡಲು, ಮನೆಯ ಟಿ.ವಿ.ಯಲ್ಲೂ ಫೋನಿನಲ್ಲೂ ಬೇಕೆಂದಾಗ ಕೇಳಲು ಒಂದು ಪೆಟ್ಟಿಗೆ ಬೇಕಿತ್ತು. ಜೊತೆಗೆ ಪಾರವ್ವನವರ ಹಳೆಯ ಸಿನಿಮಾಗಳಿಗೂ ಜಾಗ ಬೇಕಿತ್ತು.

ಸುವರ್ಣಾ ಮೂರು ತಿಂಗಳು ಓದಿಕೊಂಡು ಬಂದಿದ್ದಳು. ಸಿದ್ಧ ಪೆಟ್ಟಿಗೆ ಚೆಂದ, ಆದರೆ ಬೆಲೆ ಕೈಗೆ ಸಿಗದು. ಲ್ಯಾಬಿನ ಹಳೇ ಕಂಪ್ಯೂಟರು ಅಗ್ಗ, ಆದರೆ ಹಗಲಿರುಳು ಹಚ್ಚಿಟ್ಟರೆ ಕರೆಂಟು ನುಂಗುತ್ತದೆ, ಫ್ಯಾನಿನ ಗದ್ದಲ ಬೇರೆ. ಕೊನೆಗೆ ಯಾವುದೋ ಆಫೀಸಿನಿಂದ ಬಂದ, ಎರಡು ಡಿಸ್ಕಿಗೆ ಜಾಗವಿರುವ, ಸದ್ದಿಲ್ಲದ ಸಣ್ಣ ಕಂಪ್ಯೂಟರನ್ನು ಆರಿಸಿದಳು. ಕರೆಂಟು ಹೋದರೆ ಇಪ್ಪತ್ತು ನಿಮಿಷ ತಡೆಯುವ ಯುಪಿಎಸ್ಸನ್ನೂ ಕೊಂಡಳು. ಇಷ್ಟರವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ನಂತರ ಅವಳು ಡಿಸ್ಕು ಕೇಳಿದಳು.

ದಾದಾಪೀರ ನನ್ನೊಬ್ಬನನ್ನೇ ಡಬ್ಬಿಯಿಂದ ತೆಗೆದ. "ಅಕ್ಕಾರ, ಎರಡೂ ಒಂದ ಡಬ್ಬಿಯವು ಬ್ಯಾಡ್ರಿ. ಒಂದು ಇದು ತಗೋರಿ, ಇನ್ನೊಂದು ಬ್ಯಾರೆ ಕಂಪನೀದು ಕೊಡ್ತೀನಿ. ಕೂಡೇ ಹುಟ್ಟಿದ್ವು ಕೂಡೇ ಹೋಗೂ ಸಂಭವ ಇರತೈತ್ರಿ."

ಪಾರವ್ವನವರಿಗೆ ಇದು ಹಿಡಿಸಲಿಲ್ಲ. "ಮನಿಗೆ ಒಯ್ಯೂ ಸಾಮಾನಿಗೆ ಹೋಗೂ ಮಾತು ಯಾಕ ತಗೀತಿ ತಮ್ಮಾ? ನಮ್ಮಪ್ಪ ಎತ್ತು ತರಾಕ ಹೋದ್ರ ಜೋಡೀನ ತರ್ತಿದ್ದ. ಒಂದು ದೊಡ್ಡದು ಒಂದು ಸಣ್ಣದು ಕಟ್ಟಿದ್ರ ನೊಗ ವಾರಿ ಆಕ್ಕೈತಿ. ಜೋಡಿ ಅಗಲಿಸಬಾರದು."

"ಯವ್ವಾ, ಇವು ಎತ್ತಲ್ಲ."

"ದುಡಿಯೂವು ಎಲ್ಲಾ ಎತ್ತ."

ಸುವರ್ಣಾಳಿಗೆ ದಾದಾಪೀರನ ಮಾತು ನಿಜವೆಂದು ಗೊತ್ತಿತ್ತು. ಅವಳು ತಂದೆಯ ಕಡೆ ನೋಡಿದಳು. ಅವರು ಪಾಟಿಯ ಮೇಲೆ ಬರೆದು ತೋರಿಸಿದರು: "ನಿಮ್ಮವ್ವ ಹೇಳಿದಂಗ ಮಾಡು." ಆ ಮನೆಯಲ್ಲಿ ಆಗ ಉಳಿದಿದ್ದ ದೊಡ್ಡ ಧ್ವನಿ ಪಾರವ್ವನವರದೊಂದೇ. ಅದಕ್ಕೆ ಎದುರಾಡುವ ಮನಸ್ಸು ಯಾರಿಗೂ ಇರಲಿಲ್ಲ. ದಾದಾಪೀರ ನನ್ನನ್ನು ಮತ್ತೆ ತಮ್ಮನ ಪಕ್ಕದಲ್ಲಿಟ್ಟು ಡಬ್ಬಿ ಕಟ್ಟಿದ. ನನಗೆ ಸಂತೋಷವೇ ಆಯಿತು ಎಂದು ಒಪ್ಪಿಕೊಳ್ಳಬೇಕು. ಒಡಹುಟ್ಟಿದವನ ಜೊತೆ ಇರುವುದು ಯಾರಿಗೆ ಬೇಡ?

ಮನೆಯಲ್ಲಿ ನಮ್ಮ ಜಾಗ ಪಡಸಾಲೆಯ ಕಪಾಟಿನ ಮೇಲೆ. ನನ್ನಲ್ಲಿ ಬರೆದದ್ದೆಲ್ಲ ತಮ್ಮನಲ್ಲೂ ಬರೆಯಲಾಗುತ್ತಿತ್ತು. ಒಬ್ಬ ಬಿದ್ದರೆ ಇನ್ನೊಬ್ಬ ನಿಲ್ಲಬೇಕು, ಅದು ನಮ್ಮ ಕೆಲಸ. ಪ್ರತಿ ಸಂಜೆ ಏಳಕ್ಕೆ ವೀರಭದ್ರಪ್ಪ ಕುರ್ಚಿ ಎಳೆದುಕೊಂಡು ಕೂತು ತಮ್ಮದೇ ಕತೆ ಕೇಳುವರು. ಕೇಳುತ್ತ ಕೇಳುತ್ತ ಅವರ ತುಟಿ ಅಲ್ಲಾಡುತ್ತಿತ್ತು. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಕ್ಕಿಗಳ ಬಸ್ ನಿಲ್ದಾಣದ ಕತೆ. ಅದರಲ್ಲಿ ಹುಣಸೆ ಗಿಡದ ಮೇಲೆ ಕೂತ ಗೂಗೆಯೊಂದು ಬಸ್ಸುಗಳ ಹೆಸರು ಕೂಗುತ್ತದೆ. ಪಾರವ್ವನವರು ಮಾತ್ರ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. "ಮತ್ತ ಗೂಗಿ ಕತಿ ಹಚ್ಯಾರ ನೋಡು. ನಾ ಅಂತೂ ಒಂದೂ ಕೇಳಿಲ್ಲವಾ, ನನಗ ಒಲಿ ಮುಂದಿನ ಕೆಲಸಾನ ಮುಗೀತಿದ್ದಿಲ್ಲ" ಎಂದು ಮಗಳಿಗೆ ಹೇಳುವರು.

ಮೊದಲ ವರ್ಷವೇ ಒಂದು ಅನಾಹುತ ನಡೆಯಿತು. ಒಂದು ಮಧ್ಯಾಹ್ನ ಹಳೇ ಪ್ಲಾಸ್ಟಿಕ್ಕಿಗೆ ಬಳ್ಳೊಳ್ಳಿ ಕೊಡುವವನು ಓಣಿಯಲ್ಲಿ ಕೂಗುತ್ತ ಬಂದ. ಪಾರವ್ವ ಅರವತ್ತೆರಡೂ ಕ್ಯಾಸೆಟ್ಟನ್ನು ಚೀಲಕ್ಕೆ ತುಂಬಿ ಅವನಿಗೆ ಕೊಟ್ಟು ಎರಡು ಕಿಲೋ ಬಳ್ಳೊಳ್ಳಿ ತೆಗೆದುಕೊಂಡರು. ಸುವರ್ಣಾ ಕಾಲೇಜಿನಿಂದ ಬಂದವಳು ಸುದ್ದಿ ಕೇಳಿ ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತಳು.

"ಎಲ್ಲಾ ಡಬ್ಬ್ಯಾಗ ಹೋಗ್ಯಾವ ಅಂದಿದ್ದೆಲ್ಲವಾ" ಎಂದರು ಪಾರವ್ವ, ಅವಳ ಮುಖ ನೋಡಿ ಹೆದರಿ.

"ಹೋಗ್ಯಾವ ಯವ್ವಾ" ಎಂದಳು ಸುವರ್ಣಾ. ತನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಅವಳು ಜಾಗ ಸಾಲದೆ ಮೊದಲೇ ಅಳಿಸಿದ್ದಳು. ಆ ಹೊತ್ತಿನಿಂದ ವೀರಭದ್ರಪ್ಪನವರ ಧ್ವನಿ ಇಡೀ ಲೋಕದಲ್ಲಿ ಇದ್ದದ್ದು ನಮ್ಮಿಬ್ಬರಲ್ಲಿ ಮಾತ್ರ. ನನ್ನ ಸುತ್ತು ಒಂದು ಕ್ಷಣ ತಪ್ಪಿದ ಹಾಗಾಯಿತು.

ಮೂರನೆಯ ಪ್ರತಿಯೊಂದನ್ನು ಮಾಡಿ ಬೇರೆ ಮನೆಯಲ್ಲಿ ಇಡಬೇಕೆಂದು ಸುವರ್ಣಾ ನಿಶ್ಚಯಿಸಿದಳು. ದಸರೆಗೆ ಎಂದಳು. ದಸರೆ ಬಂತು, ಖಂಡೇ ಪೂಜೆಯಲ್ಲಿ ನಮ್ಮ ಪೆಟ್ಟಿಗೆಗೂ ಕುಂಕುಮ ಬಿತ್ತು. ಮೂರನೆಯ ಪ್ರತಿ ಮಾತ್ರ ಬರಲಿಲ್ಲ. ಪರೀಕ್ಷೆಯ ಕೆಲಸ, ತಂದೆಯ ತಪಾಸಣೆ, ಒಂದಲ್ಲ ಒಂದು. ಜೋಡಿ ಇದೆಯಲ್ಲ ಎಂಬ ಧೈರ್ಯ ಎಲ್ಲರಿಗೂ. ಹಾಗೆ ಐದು ದಸರೆ ಕಳೆದವು. ಮನುಷ್ಯರ ನಾಳೆಯನ್ನು ನಂಬಿ ಕೂತ ವಸ್ತುಗಳ ಪಾಡು ದೇವರಿಗೇ ಪ್ರೀತಿ.

ಐದನೆಯ ದಸರೆಯ ಮುಂದಿನ ಬೇಸಿಗೆಯಲ್ಲಿ ತಮ್ಮನ ಸುತ್ತಿನಲ್ಲಿ ನಡುಕ ಕಾಣಿಸಿತು. ನಮ್ಮಿಬ್ಬರ ನಡುವೆ ಇದ್ದದ್ದು ಎರಡೇ ಬೆರಳಿನ ಅಂತರ, ಆ ನಡುಕ ನನ್ನ ಮೈಗೂ ಬರುತ್ತಿತ್ತು. ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಅವನು ಟಕ್ ಟಕ್ ಎಂದು ನಾಲ್ಕು ಸಲ ಬಡಿದು ನಿಂತುಬಿಟ್ಟ. ಪೆಟ್ಟಿಗೆ ಕೀಂ ಕೀಂ ಎನ್ನತೊಡಗಿತು. ಪಾರವ್ವ ಫ್ರಿಜ್ಜಿನ ಬಾಗಿಲು ತೆರೆದಿದೆ ಎಂದುಕೊಂಡು ಎರಡು ಸಲ ಹೋಗಿ ಒತ್ತಿ ಮುಚ್ಚಿದರು.

ಸುವರ್ಣಾ ಕಂಪ್ಯೂಟರಿನಲ್ಲಿ ಮೊದಲು ತಮ್ಮನ ಸ್ಥಿತಿ ನೋಡಿದಳು, ನಂತರ ನನ್ನದು. ನನ್ನಲ್ಲೂ ಓದಲಾಗದ ಜಾಗಗಳು ಎದ್ದಿದ್ದವು. ಅವಳು ನೋಡುತ್ತಿದ್ದ ಹಾಗೆಯೇ ಅವುಗಳ ಸಂಖ್ಯೆ ಏರಿತು. ಅವಳು ಫೋನು ಹಚ್ಚಿದಾಗ ದಾದಾಪೀರ ಮನೆಯಲ್ಲಿ ಊಟಕ್ಕೆ ಕೂತಿದ್ದ.

"ಪೆಟ್ಟಿಗಿ ಬಂದ್ ಮಾಡಬ್ಯಾಡ್ರಿ ಅಕ್ಕಾರ" ಎಂದ. "ಒಮ್ಮೆ ನಿಂತ್ರ ಮತ್ತ ತಿರಗೂದು ಗ್ಯಾರಂಟಿ ಇಲ್ಲ. ಗಾಳಿ ಹಾಕ್ರಿ. ನಾ ಬರೂತನಕ ಏನೂ ಮುಟ್ಟಬ್ಯಾಡ್ರಿ."

ಅರ್ಧ ಗಂಟೆಯಲ್ಲಿ ಅವನು ಬೇರೆ ಕಂಪನಿಯ ಹೊಸ ಡಿಸ್ಕು ಹಿಡಿದುಕೊಂಡು ಬಂದ. ಅಷ್ಟರಲ್ಲಿ ಪಾರವ್ವ ನನಗೆ ತಂಪಾಗಲೆಂದು ಒದ್ದೆ ಬಟ್ಟೆ ಹಿಂಡಿಕೊಂಡು ಬಂದಿದ್ದರು. ದಾದಾಪೀರ ಓಡಿಬಂದು ಅವರ ಕೈ ತಡೆದ. "ನೀರು ಬ್ಯಾಡ್ರಿ ಅಮ್ಮಾರ, ಬೀಸಣಿಕಿ ಸಾಕು."

ಹೊಸ ಡಿಸ್ಕನ್ನು ಜೋಡಿಸಿ ಮೊದಲು ಕತೆಗಳನ್ನೇ ಅದಕ್ಕೆ ಇಳಿಸತೊಡಗಿದರು. ಆರೋಗ್ಯವಾಗಿದ್ದರೆ ಅವನ್ನು ಕೊಡುವುದು ನನಗೆ ಕಾಲು ಗಂಟೆಯ ಕೆಲಸ. ಆ ದಿನ ಒಂದೊಂದು ಕತೆಗೂ ನಾನು ಹೆಣಗಿದೆ. ಮುಳ್ಳು ತನ್ನ ಜಾಗಕ್ಕೆ ಹೋಗುತ್ತಿತ್ತು, ಸಿಗದೆ ಹಿಂದೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಸುವರ್ಣಾ ಪರದೆಯ ಮೇಲೆ ಇಳಿದ ಕ್ಯಾಸೆಟ್ಟುಗಳ ಎಣಿಕೆ ಓದುತ್ತಿದ್ದಳು. ಒಂಬತ್ತು. ಹನ್ನೆರಡು. ಹದಿನೇಳು. ಯಾರೂ ಊಟ ಮಾಡಲಿಲ್ಲ.

ಮೂರು ಗಂಟೆಗೆ ಕರೆಂಟು ಹೋಯಿತು. ಯುಪಿಎಸ್ಸು ಕಿರುಗುಟ್ಟಿತು. ಇನ್ನು ಇಪ್ಪತ್ತು ನಿಮಿಷ. ಪಕ್ಕದ ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಅವರ ಗೇಟಿಗೆ ಒಳಗಿನಿಂದ ಅಗಳಿ, ಎಲ್ಲರೂ ಮಲಗುವ ಹೊತ್ತು. ಸುವರ್ಣಾ ಏಳುವ ಮೊದಲೇ ವೀರಭದ್ರಪ್ಪ ಎದ್ದು ಹೊರಗೆ ನಡೆದಿದ್ದರು. ಅವರಿಗೆ ಕೂಗಲು ಆಗದು. ಒಂದು ಕಾಲಕ್ಕೆ ಸಾವಿರ ಜನರ ಗದ್ದಲದ ಮೇಲೆ ನವಲಗುಂದ, ನರಗುಂದ ಎಂದು ಕೂಗಿದವರು ಈಗ ಕಂಪೌಂಡಿನ ಆಚೆಗೆ ಒಂದು ಹೆಸರನ್ನೂ ಕೂಗಲಾರರು. ಅವರು ಒಳಗೆ ಬಂದು ಹಿತ್ತಾಳೆ ಪರಾತವನ್ನೂ ಸೌಟನ್ನೂ ತೆಗೆದುಕೊಂಡು ಹೋದರು. ಬಡಿದರು, ಬಡಿದರು. ಓಣಿಯ ನಾಯಿಗಳೆಲ್ಲ ಎದ್ದವು. ಕೊನೆಗೆ ಪಕ್ಕದ ಮನೆಯ ಕಿಟಕಿ ತೆರೆಯಿತು, ವೈರು ಈಚೆಗೆ ಬಂತು. ಯುಪಿಎಸ್ಸಿನಲ್ಲಿ ಆಗ ಉಳಿದಿದ್ದದ್ದು ನಾಲ್ಕು ನಿಮಿಷ. ವೀರಭದ್ರಪ್ಪ ಬಾಗಿಲಲ್ಲಿ ಬೆವೆತು ನಿಂತಿದ್ದರು, ಸೌಟು ಇನ್ನೂ ಕೈಯಲ್ಲೇ ಇತ್ತು.

ಐದರ ಹೊತ್ತಿಗೆ ನಾನು ಗೂಗೆಯ ಕತೆಗೆ ಬಂದೆ. ಅದರ ಮಧ್ಯದಲ್ಲಿ ಸಿಕ್ಕಿಬಿದ್ದೆ. ಹನ್ನೊಂದು ಸೆಕೆಂಡಿನಷ್ಟು ಮಾತು, ಅದು ನನ್ನಲ್ಲಿದೆ, ಎಲ್ಲಿದೆ ಎಂಬುದೂ ಗೊತ್ತು, ಆದರೆ ಎತ್ತಿ ಕೊಡಲು ಆಗುತ್ತಿಲ್ಲ. ಟಕ್ ಟಕ್ ಎಂದಿತು ನನ್ನ ಮುಳ್ಳು. ತಮ್ಮನ ಕೊನೆಯ ಸದ್ದು ಅದೇ ಆಗಿತ್ತು.

"ಅದನ್ನ ಬಿಟ್ಟು ಮುಂದ ಹೋಗ್ರಿ ಅಕ್ಕಾರ" ಎಂದ ದಾದಾಪೀರ. "ಅಷ್ಟಕ್ಕ ಜಗ್ಗಿದ್ರ ಉಳದಿದ್ದೂ ಹೋಗತೈತಿ."

"ಅದು ಅಪ್ಪಗ ಭಾಳ ಸೇರೂ ಕತಿ" ಎಂದಳು ಸುವರ್ಣಾ. ಅವಳ ಬೆರಳು ಅಲುಗಲಿಲ್ಲ. ನಾನು ಮತ್ತೊಮ್ಮೆ ಪ್ರಯತ್ನಿಸಿದೆ, ಮತ್ತೆ ಸೋತೆ. ಬೀಸಣಿಗೆ ಬೀಸುತ್ತಿದ್ದ ಪಾರವ್ವ ಸಣ್ಣ ದನಿಯಲ್ಲಿ, "ಜೋಡಿ ಅಂದಾಕಿ ನಾನ. ಕ್ಯಾಸೆಟ್ ಕೊಟ್ಟಾಕೀನೂ ನಾನ" ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ವೀರಭದ್ರಪ್ಪ ಹೆಂಡತಿಯ ಹೆಗಲ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಪಾಟಿಯ ಮೇಲೆ ಒಂದೇ ಮಾತು ಬರೆದರು: "ಬಿಡು."

ಸುವರ್ಣಾ ಬಿಟ್ಟಳು. ಆ ಜಾಗ ದಾಟಿದ ಮೇಲೆ ನನಗೆ ದಾರಿ ಸ್ವಲ್ಪ ಸಡಿಲವಾಯಿತು. ಆರೂ ಮುಕ್ಕಾಲಿಗೆ ಅರವತ್ತೆರಡನೆಯದು ಹೊಸ ಡಿಸ್ಕಿಗೆ ಇಳಿಯಿತು. ಸಿನಿಮಾಗಳೆಲ್ಲ ನನ್ನಲ್ಲೇ ಉಳಿದಿದ್ದವು. ಅವನ್ನು ಕೊಡಲು ಹೊರಟೆ, ಆಗಲಿಲ್ಲ. ಮುಳ್ಳು ತಟ್ಟೆಯ ಮೇಲೆ ಕೂತಿತು. ಐದು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಆದರೆ ಆಗ ನನಗೆ ಹೆದರಿಕೆ ಇರಲಿಲ್ಲ. ಪಾರವ್ವನವರೂ ತಮ್ಮ ಸಿನಿಮಾಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಈಗ ನಾನು ಪಡಸಾಲೆಯ ಗೋಡೆಯ ಗೂಡಿನಲ್ಲಿದ್ದೇನೆ. ದಾದಾಪೀರ ಇಬ್ಬರನ್ನೂ ಗುಜರಿಗೆ ಹಾಕುತ್ತೇನೆಂದ. ಪಾರವ್ವ ಕೊಡಲಿಲ್ಲ. ನನ್ನನ್ನೂ ತಮ್ಮನನ್ನೂ ಕೆಂಪು ದಾರದಿಂದ ಕಟ್ಟಿ ಇಲ್ಲಿ ಇಟ್ಟರು. ಪೆಟ್ಟಿಗೆಯಲ್ಲಿ ಈಗ ಬೇರೆ ಬೇರೆ ಕಂಪನಿಯ ಎರಡು ಡಿಸ್ಕುಗಳಿವೆ. ಮೂರನೆಯ ಪ್ರತಿ ಅಣ್ಣಿಗೇರಿಯಲ್ಲಿ ಪಾರವ್ವನವರ ತಂಗಿಯ ಮನೆಯ ಟ್ರಂಕಿನಲ್ಲಿದೆ. ಅದನ್ನು ಬಸ್ಸು ಹತ್ತಿ ಮಡಿಲಲ್ಲಿಟ್ಟುಕೊಂಡು ಒಯ್ದವರು ಪಾರವ್ವನೇ. ಹೊಸ ಡಿಸ್ಕುಗಳು ಒಂದು ಜೋರು ಸದ್ದಿನದು, ಒಂದು ಮೆಲ್ಲಗಿನದು. ನೊಗ ವಾರಿಯಾಗಿಯೇ ಇದೆ, ಆದರೂ ಬಂಡಿ ನಡೆಯುತ್ತಿದೆ.

ಆ ಭಾನುವಾರ ಕಳೆದು ವಾರದ ಮೇಲೆ, ಸಂಜೆ ಏಳಕ್ಕೆ, ವೀರಭದ್ರಪ್ಪ ಗೂಗೆಯ ಕತೆ ಹಚ್ಚಿದರು. ಸುವರ್ಣಾ ಬೇಡವೆನ್ನಲು ಹೋಗಿ ತಂದೆಯ ಪಕ್ಕದಲ್ಲಿ ಕೂತಳು. ಕತೆ ನಡೆಯಿತು. ಹುಣಸೆ ಗಿಡದ ನಿಲ್ದಾಣಕ್ಕೆ ಹಕ್ಕಿಗಳು ಬಂದವು. ಎಲ್ಲಕ್ಕೂ ಬಸ್ಸು ಸಿಕ್ಕಿತು, ಕಾಗೆಯೊಂದು ಉಳಿಯಿತು. ಕಾಗೆ ಕೇಳಿತು, "ಗೂಗಪ್ಪಾ, ನಮ್ಮೂರ ಬಸ್ ಯಾವಾಗ?" ಅಲ್ಲಿಗೆ ಧ್ವನಿ ಕಡಿದುಹೋಯಿತು. ವೀರಭದ್ರಪ್ಪನವರ ತುಟಿ ಅಲ್ಲಾಡುತ್ತಲೇ ಇತ್ತು, ಕೋಣೆಯಲ್ಲಿ ಏನೂ ಕೇಳಿಸಲಿಲ್ಲ. ಗೂಡಿನಲ್ಲಿ ನಾನು ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸಂಕಟಪಟ್ಟೆ.

ಅಡುಗೆಮನೆಯಿಂದ ಪಾರವ್ವನವರ ಧ್ವನಿ ಬಂತು. "'ನಿಮ್ಮೂರಿಗೆ ಬಸ್ಸಿಲ್ಲಪಾ' ಅಂತು ಗೂಗಿ. 'ನಡಕೊಂತ ಹೋಗು. ನೀ ಮುಟ್ಟೂತನಕ ನಾ ಇಲ್ಲಿಂದ ದಾರಿ ಕೂಗಿ ಹೇಳ್ತಿರ್ತೀನಿ. ನನ್ನ ಧ್ವನಿ ಕೇಳ್ಕೊಂತ ಹೋಗು.'" ವೀರಭದ್ರಪ್ಪನವರದೇ ಓಟ, ಅವರದೇ ನಿಲುಗಡೆ. ಪಾರವ್ವ ಮುಗಿಸಿದ್ದಕ್ಕೂ ಪೆಟ್ಟಿಗೆಯಲ್ಲಿ ಗಂಡನ ಧ್ವನಿ ಮರಳಿದ್ದಕ್ಕೂ ಸರಿಹೋಯಿತು. "ಅಂದಕೂಡಲೇ ಕಾಗಿ ಹೊಂಟಿತು ನೋಡು..."

ವೀರಭದ್ರಪ್ಪ ಅಡುಗೆಮನೆಯ ಬಾಗಿಲ ಕಡೆ ತಿರುಗಿ ಕೂತಿದ್ದರು. ಅವರ ಭುಜ ಕುಣಿಯುತ್ತಿತ್ತು. ಧ್ವನಿಯಿಲ್ಲದ ನಗು ಅದು, ಅಳುವೂ ಅದರಲ್ಲಿ ಇದ್ದಿರಬೇಕು.

"ಒಂದೂ ಕೇಳಿಲ್ಲ ಅಂತಿದ್ದಿ" ಎಂದಳು ಸುವರ್ಣಾ.

"ಒಲಿ ಮುಂದ ಕುಂತಾರಿಗೆ ಕಿವಿ ಇರೂದಿಲ್ಲೇನ?"

"ನಿನ್ನ ಧ್ವನಿ ರೆಕಾರ್ಡ್ ಮಾಡಿ ಅಲ್ಲಿ ಸೇರಿಸ್ತೀನಿ, ತಡಿ."

"ಬ್ಯಾಡ" ಎಂದರು ಪಾರವ್ವ. "ಆ ಜಾಗಾ ಹಂಗ ಇರ್ಲಿ. ನಾನ ಹೇಳ್ತೀನಿ."

ಅದಾಗಿ ಎರಡು ವರ್ಷವಾಯಿತು. ವಾರಕ್ಕೊಮ್ಮೆಯಾದರೂ ಆ ಕತೆ ಹಚ್ಚುತ್ತಾರೆ. ಕಾಗೆ ಕೇಳುವ ಹೊತ್ತಿಗೆ ಪಾರವ್ವ ಕೈಯಲ್ಲಿರುವ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನೂ ತಮ್ಮನ ಪಕ್ಕದಲ್ಲಿ ಕೆಂಪು ದಾರದೊಳಗೆ ಕಾಯುತ್ತೇನೆ. ಅವರು ಇವತ್ತಿನವರೆಗೂ ಒಂದು ಸಲವೂ ತಪ್ಪಿಸಿಲ್ಲ.